ಕುರ್ಲಾದಿಂದ ಕುಂದಾಪುರಕ್ಕೆ: ನಡುದಾರಿಯಲ್ಲಿ ರೋಗಿಯ ಹೊಣೆ ಯಾರದು?

ಮುಂಬಯಿಯ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಕರಾವಳಿ ಕರ್ನಾಟಕವನ್ನು ಮುಟ್ಟುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ, ಮದುವೆ ಮುಂಜಿಗಳಿಗೂ ನೇಮ ಜಾತ್ರೆಗಳಿಗೂ ಊರಿಗೆ ಹೊರಟವರ ನಡುವೆ, ಇನ್ನೊಂದು ವರ್ಗದ ಪ್ರಯಾಣಿಕರೂ ಇರುತ್ತಾರೆ. ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದರಲ್ಲಿ ಔಷಧಿಯ ಪ್ಲಾಸ್ಟಿಕ್ ಚೀಲ ಹಿಡಿದು, ಯಾರದೋ ಹೆಗಲ ಆಸರೆಯಿಂದ ಬೋಗಿಯನ್ನು ಹತ್ತುವ ಹೋಟೆಲ್ ಕಾರ್ಮಿಕರು, ಕ್ಯಾಂಟೀನಿನ ಅಡುಗೆಯವರು, ಮಗನ ಕೋಣೆಯಲ್ಲಿ ಕಾಯಿಲೆ ಬಿದ್ದ ವೃದ್ಧ ತಾಯಂದಿರು ಅವರು. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡಿರುತ್ತಾರೆ. ಮುಂಬಯಿಯ ಇಕ್ಕಟ್ಟಾದ ಕೋಣೆಯಲ್ಲಿ ಹಗಲು ನೋಡಿಕೊಳ್ಳುವವರು ಯಾರೂ ಇಲ್ಲವಾದುದರಿಂದ, “ಊರಿಗೆ ಕಳಿಸಿಬಿಡಿ, ಅಲ್ಲೇ ಗುಣವಾಗುತ್ತದೆ” ಎಂದು ನಾಲ್ಕು ಜನ ಹೇಳಿರುತ್ತಾರೆ.

ಆಸ್ಪತ್ರೆಯ ಹಾಸಿಗೆಯಿಂದ ಎದ್ದ ಗಳಿಗೆಯಿಂದ ಊರಿನ ವೈದ್ಯರ ಮುಂದೆ ಕುಳಿತುಕೊಳ್ಳುವ ಗಳಿಗೆಯವರೆಗೆ ಈ ರೋಗಿಯು ಯಾರ ಹೊಣೆಗೂ ಸೇರಿದವನಲ್ಲ. ಚಿಕಿತ್ಸೆಗಾಗಿ ಅಷ್ಟೊಂದು ಧನವನ್ನೂ ವಿದ್ಯೆಯನ್ನೂ ಶ್ರಮವನ್ನೂ ವಿನಿಯೋಗಿಸುವ ನಮ್ಮ ವ್ಯವಸ್ಥೆಯು ಅವನನ್ನು ಅತ್ಯಂತ ದುರ್ಬಲನಾಗಿರುವ ಕಾಲದಲ್ಲಿಯೇ ಒಂಟಿಯಾಗಿ ಬಿಡುತ್ತದೆ. ಈ ಅಂತರವನ್ನು ತುಂಬುವುದು ಔದಾರ್ಯದ ಮಾತಲ್ಲ, ಚಿಕಿತ್ಸೆಯ ಅವಿಭಾಜ್ಯ ಅಂಗವೇ ಆಗಿದೆ.

ವೈದ್ಯರನ್ನೂ ದಾದಿಯರನ್ನೂ ದೂಷಿಸಿ ಪ್ರಯೋಜನವಿಲ್ಲ. ಕುರ್ಲಾದ ಭಾಭಾ ಆಸ್ಪತ್ರೆ, ಘಾಟ್ಕೋಪರದ ರಾಜಾವಾಡಿ, ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಇವೆಲ್ಲ ಮಹಾನಗರಪಾಲಿಕೆಯ ಆಶ್ರಯದಲ್ಲಿ ಬಡವರ ಭಾರವನ್ನು ಹಗಲಿರುಳೂ ಹೊರುತ್ತಿರುವ ಸಂಸ್ಥೆಗಳು. ಒಂದು ಹಾಸಿಗೆ ತೆರವಾಗುವುದನ್ನೇ ಕಾದು ಇನ್ನೊಬ್ಬ ರೋಗಿಯು ನೆಲದ ಮೇಲೆ ಮಲಗಿರುವಾಗ, ನಿದ್ರೆಗೆಟ್ಟ ಕಿರಿಯ ವೈದ್ಯನೊಬ್ಬನು ಡಿಸ್ಚಾರ್ಜ್ ಕಾರ್ಡುಗಳನ್ನು ಒಂದರ ಮೇಲೊಂದು ಬರೆದು ಮುಗಿಸಬೇಕಾದಲ್ಲಿ, ಪ್ರತಿಯೊಬ್ಬನಿಗೂ ಕುಳಿತು ವಿವರಿಸುವ ವ್ಯವಧಾನ ಎಲ್ಲಿಂದ ಬಂದೀತು? ದೋಷವಿರುವುದು ವ್ಯಕ್ತಿಗಳಲ್ಲಿ ಅಲ್ಲ. ವಿವರಿಸುವ ಆ ಕೆಲಸವನ್ನು ಯಾರಿಗೂ ವಹಿಸದಿರುವ ಏರ್ಪಾಟಿನಲ್ಲಿ.

ಆ ಕೆಲಸ ನಡೆಯದಿದ್ದರೆ ಆಗುವ ಅನರ್ಥವೆಂಥದೆಂಬುದಕ್ಕೆ ಇನ್ಸುಲಿನ್ನಿನ ಸೂಜಿಯೊಂದೇ ಸಾಕು. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. ಅದಕ್ಕೆ ಸಲ್ಲುವ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್ ಸಾಂದ್ರತೆಯ ಔಷಧಿಗಾಗಿ ಮಾಡಿದ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಮುಂಬಯಿಯಿಂದ 40ರ ಬಾಟಲಿಯನ್ನು ಕೊಂಡೊಯ್ದವನು ಊರ ಪೇಟೆಯಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜನ್ನು ಕೊಂಡು, ಕಾರ್ಡಿನಲ್ಲಿ ಬರೆದಂತೆಯೇ 20ರ ಗೆರೆಯವರೆಗೆ ಎಳೆದುಕೊಂಡನಾದರೆ, ಅವನ ಶರೀರವನ್ನು ಸೇರುವುದು ಕೇವಲ 8 ಯೂನಿಟ್. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದುಕೊಂಡರಂತೂ ಬೇಕಾದುದರ ಎರಡೂವರೆ ಪಟ್ಟು ಒಳಹೊಕ್ಕು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಕಾರ್ಡಿನಲ್ಲಿ ಬರೆದುದು ತಪ್ಪಲ್ಲ, ರೋಗಿಯೂ ಅವಿಧೇಯನಲ್ಲ. ಮುಚ್ಚಳದ ಬಣ್ಣವನ್ನು ತೋರಿಸಿ ಎರಡು ನಿಮಿಷ ಹೇಳುವವರು ಇರಲಿಲ್ಲ, ಅಷ್ಟೆ.

ಇದೇ ರೀತಿ, ರಕ್ತದೊತ್ತಡಕ್ಕೆ ಮುಂಬಯಿಯಲ್ಲಿ ಒಂದು ಕಂಪನಿಯ ಹೆಸರಿನ ಮಾತ್ರೆಯನ್ನೂ ಊರಿನಲ್ಲಿ ಇನ್ನೊಂದು ಕಂಪನಿಯ ಹೆಸರಿನ ಮಾತ್ರೆಯನ್ನೂ ಬರೆಸಿಕೊಂಡು, ಎರಡೂ ಒಂದೇ ಔಷಧಿಯೆಂಬುದನ್ನರಿಯದೆ ಎರಡನ್ನೂ ನುಂಗುವವರುಂಟು. ಔಷಧಿಯ ಮೂಲನಾಮವನ್ನೇ, ಸ್ಪಷ್ಟವಾದ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲಿಯೇ ವಿಧಿಸಿದ್ದರೂ ಆಚರಣೆಯು ಆ ನಿಯಮದಿಂದ ಬಹುದೂರದಲ್ಲಿದೆ. ಇನ್ನು, ಬಯಾಪ್ಸಿಯ ವರದಿಯು ರೋಗಿ ಊರು ಸೇರಿದ ಮೇಲೆ ಕೈಗೆ ಬರುವಂಥದಾಗಿದ್ದರೆ, ಅದನ್ನು ಪಡೆದು ತಿಳಿಸುವವರಾರು?

ಎರಡು ರಾಜ್ಯಗಳ ನಡುವಣ ಗಡಿಯು ಈ ತೊಡಕನ್ನು ಇಮ್ಮಡಿಗೊಳಿಸುತ್ತದೆ. ಬಡವರ ಚಿಕಿತ್ಸೆಯ ವೆಚ್ಚಕ್ಕೆಂದು ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆ, ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ. ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯು, ರೋಗಿಯು ಬಿಡುಗಡೆಯಾದ ಮೇಲಿನ 15 ದಿನಗಳ ವೆಚ್ಚವನ್ನೂ ಭರಿಸುತ್ತದೆ. ಆದರೆ ಆ ಹದಿನೈದು ದಿನಗಳನ್ನು ಊರಿನಲ್ಲಿ ಕಳೆಯುವವನಿಗೆ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯೇ ನೂರಾರು ಮೈಲಿ ಹಿಂದೆ ಉಳಿದಿರುವಾಗ, ಕಾಗದದ ಮೇಲಿನ ಈ ಸೌಲಭ್ಯದಿಂದ ಆಗುವ ಉಪಕಾರವಾದರೂ ಎಷ್ಟು?

ಬಿಡುಗಡೆಯಾದ ರೋಗಿಯ ಹೊಣೆಯನ್ನು ಊರಿನವರಿಗೆ ಒಪ್ಪಿಸುವುದು ಅಸಾಧ್ಯವಾದ ಕಾರ್ಯವೆಂದು ಯಾರೂ ಹೇಳಲಾಗದು. ಏಕೆಂದರೆ ಒಂದು ರೋಗದ ವಿಷಯದಲ್ಲಿ ಈ ದೇಶವು ಇದನ್ನು ಈಗಾಗಲೇ ಮಾಡುತ್ತಿದೆ. ಕ್ಷಯರೋಗಿಯೊಬ್ಬನು ಕುರ್ಲಾದಲ್ಲಿ ಚಿಕಿತ್ಸೆಯನ್ನಾರಂಭಿಸಿ ಉಡುಪಿ ಜಿಲ್ಲೆಗೆ ತೆರಳುವುದಾದರೆ, 2012ರಲ್ಲಿ ಪ್ರಾರಂಭವಾದ ‘ನಿಕ್ಷಯ್’ ದಾಖಲೆಯ ಮೂಲಕ ಅವನ ಹೆಸರನ್ನು ಆ ಜಿಲ್ಲೆಯ ಕೇಂದ್ರಕ್ಕೆ ವರ್ಗಾಯಿಸಬಹುದು. ಅಲ್ಲಿಯವರು ಅವನನ್ನು ತಮ್ಮವನೆಂದು ಬರೆದುಕೊಂಡು ಔಷಧಿಯನ್ನು ಮುಂದುವರಿಸುತ್ತಾರೆ. ಕ್ಷಯಕ್ಕೆ ಸಾಧ್ಯವಾದುದು ಹೃದಯಾಘಾತಕ್ಕೆ, ಪಾರ್ಶ್ವವಾಯುವಿಗೆ, ಮೂತ್ರಪಿಂಡದ ವ್ಯಾಧಿಗೆ ಏಕೆ ಸಾಧ್ಯವಾಗಬಾರದು? ಅದೇ ಟರ್ಮಿನಸ್ಸಿನಲ್ಲಿ ಬುಕ್ ಮಾಡಿದ ಪಾರ್ಸೆಲ್ಲಿಗೆ ಸಹ ಕಳುಹಿಸಿದವರ ಹೆಸರು, ಪಡೆಯುವವರ ಹೆಸರು, ಒಂದು ರಸೀದಿ ಇರುತ್ತವೆಯಷ್ಟೆ. ಮನುಷ್ಯನಿಗೆ ಅಷ್ಟಾದರೂ ಬೇಡವೇ?

ಆಗಬೇಕಾದುದು ಇಷ್ಟು. ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ರೋಗಿಗಳ ನಿರ್ಗಮನಕ್ಕೆಂದೇ ಹೊಣೆಗಾರರಾದ ದಾದಿಯರಿರಬೇಕು. ಅವರ ಕೆಲಸವು ಬಿಡುಗಡೆಯ ದಿನವಲ್ಲ, ದಾಖಲಾದ ಮರುದಿನವೇ “ಗುಣವಾದ ಮೇಲೆ ಎಲ್ಲಿಗೆ ಹೋಗುತ್ತೀರಿ? ಅಲ್ಲಿ ನೋಡಿಕೊಳ್ಳುವವರು ಯಾರು?” ಎಂಬ ಪ್ರಶ್ನೆಯಿಂದ ಮೊದಲಾಗಬೇಕು. ಹಿಂದೆ ನುಂಗುತ್ತಿದ್ದ ಮಾತ್ರೆಗಳಲ್ಲಿ ಯಾವುದು ಮುಂದುವರಿಯುವುದು, ಯಾವುದು ನಿಂತಿತು, ಯಾವುದು ಹೊಸದು ಎಂಬ ಪಟ್ಟಿಯು ರೋಗಿಯು ಓದಬಲ್ಲ ಭಾಷೆಯಲ್ಲಿ, ಕನ್ನಡಿಗನಿಗೆ ಕನ್ನಡದಲ್ಲಿಯೇ, ಅವನ ಕೈಸೇರಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ಸುದ್ದಿ ಮುಟ್ಟಿರಬೇಕು. ಮೂರು ದಿನಗಳೊಳಗೆ ಆಸ್ಪತ್ರೆಯಿಂದ ಅವನಿಗೊಂದು ಫೋನ್ ಹೋಗಬೇಕು. ಬೆಂಗಳೂರಿನ ನಾರಾಯಣ ಹೃದಯಾಲಯದ ಬಳಗದಲ್ಲಿ ನೂರಾ ಹೆಲ್ತ್ ಸಂಸ್ಥೆಯವರು ಆರಂಭಿಸಿದ, ಮನೆಯವರಿಗೇ ಗಾಯದ ಆರೈಕೆಯನ್ನೂ ಅಪಾಯದ ಲಕ್ಷಣಗಳನ್ನೂ ವಾರ್ಡಿನಲ್ಲಿ ಕಲಿಸಿಕೊಡುವ ಕಾರ್ಯಕ್ರಮವು ಅನೇಕ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿರುವುದು ಈ ಮಾರ್ಗವು ಬಡವರ ಆಸ್ಪತ್ರೆಗೂ ಎಟುಕುವಂಥದೆಂಬುದಕ್ಕೆ ಸಾಕ್ಷಿ.

ಇದಕ್ಕೆ ಜನರೆಲ್ಲಿ, ಹಣವೆಲ್ಲಿ ಎಂದು ಆಡಳಿತಗಾರರು ಕೇಳುವುದು ಸಹಜವೇ. ಆದರೆ ಔಷಧಿ ತಪ್ಪಿ ವಾರದೊಳಗೆ ಮರಳಿ ಬಂದು ಬೀಳುವ ರೋಗಿಯು ಆಕ್ರಮಿಸುವ ಹಾಸಿಗೆಯ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದೆ ಈ ಪ್ರಶ್ನೆಯನ್ನು ಕೇಳುವುದು ನ್ಯಾಯವಲ್ಲ. ಅಲ್ಲದೆ ಭಾಷೆಯ ಕೊರತೆಯನ್ನು ತುಂಬಲು ಮುಂಬಯಿಯಲ್ಲಿರುವ ನಮ್ಮವರೇ ಮುಂದಾಗಬಹುದು. ಕುರ್ಲಾ ಪೂರ್ವದಲ್ಲಿ ಬಂಟರ ಸಂಘದ ಭವನವಿದೆ. ಬಿಲ್ಲವ, ಮೊಗವೀರ ಮೊದಲಾದ ಸಮಾಜಗಳ ಸಂಘಗಳೂ ಕನ್ನಡ ಸಂಘಗಳೂ ಈ ನಗರದಾದ್ಯಂತ ಇವೆ. ವೈದ್ಯಕೀಯ ನೆರವಿಗಾಗಿ ಹಣ ಸಂಗ್ರಹಿಸಬಲ್ಲ ಸಮಾಜವು, ಆಸ್ಪತ್ರೆಯ ವಾರ್ಡಿಗೆ ಹೋಗಿ ಕಾರ್ಡನ್ನು ಕನ್ನಡದಲ್ಲಿ, ತುಳುವಿನಲ್ಲಿ ವಿವರಿಸಿ ಹೇಳುವ ಕೆಲವು ಸ್ವಯಂಸೇವಕರನ್ನು ಒದಗಿಸುವುದು ಕಷ್ಟವಲ್ಲ.

ಆದರೂ ಮೂಲ ಕರ್ತವ್ಯವು ಸರ್ಕಾರಗಳದ್ದೇ. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಕೇಳಲರಿಯದವನ ಗತಿಯೇನೆಂಬುದನ್ನು ಯೋಚಿಸಬೇಕಾದ ಕಾಲವಿದು. ಮುಂಬಯಿ ಮಹಾನಗರಪಾಲಿಕೆಯೂ ಕರ್ನಾಟಕದ ಆರೋಗ್ಯ ಇಲಾಖೆಯೂ ಒಂದು ಒಪ್ಪಂದಕ್ಕೆ ಬಂದು, ಕುರ್ಲಾ, ಸಯನ್‌ಗಳಿಂದ ಬಿಡುಗಡೆಯಾಗಿ ಉಡುಪಿ, ದಕ್ಷಿಣ ಕನ್ನಡಗಳಿಗೆ ತೆರಳುವ ರೋಗಿಗಳಿಂದಲೇ ಈ ಕಾರ್ಯವನ್ನು ಆರಂಭಿಸಲಿ. ಎರಡು ಜಿಲ್ಲೆ, ಎರಡು ಆಸ್ಪತ್ರೆ, ಒಂದು ವರ್ಷ: ಪ್ರಯೋಗಕ್ಕೆ ಅಷ್ಟು ಸಾಕು. ಅದು ಫಲಿಸಿದರೆ, ಬಿಹಾರಕ್ಕೂ ಉತ್ತರ ಪ್ರದೇಶಕ್ಕೂ ಇದೇ ಟರ್ಮಿನಸ್ಸಿನಿಂದ ಇದೇ ದುಗುಡವನ್ನು ಹೊತ್ತು ಹೋಗುವ ಕಾರ್ಮಿಕರಿಗೂ ಅದನ್ನು ವಿಸ್ತರಿಸಲು ಯಾವ ಅಡ್ಡಿಯೂ ಉಳಿಯದು.