ಮೂಳೆಯ ಮುಳ್ಳಿಗೆ ಕತ್ತರಿಯೇ ಬೇಕೇ?
ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮುಳ್ಳು ಕಂಡರೆ ಆಪರೇಷನ್ನೇ ಗತಿ ಎಂಬ ಲೇಖನವೊಂದರ ಮಾತನ್ನು ಖಂಡಿತ ಒಪ್ಪಲಾರೆ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮುಳ್ಳಿರುತ್ತದೆ. ಬೆಳಗ್ಗೆ ಮೊದಲ ಹೆಜ್ಜೆ ಊರಿದಾಗ ಚುಚ್ಚುವ ನೋವಿಗೆ ಸಾಮಾನ್ಯ ಕಾರಣ ಅಂಗಾಲಿನ ದಪ್ಪ ಪಟ್ಟಿ, ಅಂದರೆ ಪ್ಲಾಂಟಾರ್ ಫ್ಯಾಸಿಯಾ. ಹೆಚ್ಚಿನವರಿಗೆ ಆ ನೋವು ಕತ್ತರಿ ಮುಟ್ಟಿಸದೆಯೇ ವರ್ಷದೊಳಗೆ ಹತೋಟಿಗೆ ಬರುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ ಮೇಲೆ ಕಾಲು ಹಾಕಿ ಕೂತು, ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು 10 ಎಣಿಸುವವರೆಗೆ ಹಿಡಿಯಬೇಕು; ಹೀಗೆ 10 ಸಲ, ದಿನಕ್ಕೆ 3 ಬಾರಿ. ಮೀನಖಂಡಕ್ಕೂ ವ್ಯಾಯಾಮ ಬೇಕು. ಗ್ರಾನೈಟ್ ನೆಲದ ಮೇಲೆ ಬರಿಗಾಲು ಬೇಡ, ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಟ್ಟೀತು, ಪದೇಪದೇ ಚುಚ್ಚಿಸಿದರೆ ಪಟ್ಟಿಯೇ ಹರಿಯುವ ಅಪಾಯವಿದೆ. ದಿನವಿಡೀ ನಿಂತೇ ದುಡಿಯುವ ಹೆಣ್ಣುಮಕ್ಕಳಿಗೆ ಆಪರೇಷನ್ನಿನ ಸಾಲ ಹೊರಿಸುವ ಮುನ್ನ ಲೇಖಕರು ಇಷ್ಟನ್ನಾದರೂ ಹೇಳಬೇಕಿತ್ತು.