ಹೂವಿನ ಹೆಸರು, ಹೂವಿನ ಮನೆತನ



ಬಸರಾಳಿನ ತಾಯಿಯೊಬ್ಬರು ನಮಗೊಂದು ಕಾಗದ ಬರೆದಿರುವರು. ಅವರ ಮನೆಯಲ್ಲಿ ಎರಡು ವರ್ಷದ ಮೊಮ್ಮಗುವಿದೆ. ಬೆಳಗಿನ ಲಿಂಗಪೂಜೆಗೆಂದು ಹಿತ್ತಿಲಿನಿಂದ ಬಿಡಿಸಿ ತಂದ ಹೂಬುಟ್ಟಿ ಕೈಗೆಟುಕಿದರೆ ಸಾಕು, ಮಗು ಸಿಕ್ಕಿದ್ದನ್ನು ಬಾಯಿಗಿಟ್ಟುಕೊಳ್ಳುತ್ತದೆಯಂತೆ. ಯಾವ ಹೂ ಅಪಾಯದ್ದು, ಯಾವುದು ಅಲ್ಲವೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಇದನ್ನು ನಾವೇ ತಿಳಿದುಕೊಳ್ಳುವ ದಾರಿ ಉಂಟೆ ಎಂಬುದು ಆ ತಾಯಿಯ ಪ್ರಶ್ನೆ. ಇಂಥ ಪ್ರಶ್ನೆ ಒಂದು ಮನೆಯದಲ್ಲ. ಪತ್ರೆಪುಷ್ಪಗಳನ್ನು ಬಳಸುವ ಎಲ್ಲ ಮನೆಗಳದು. ಆದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ದಾರಿ ಉಂಟು. ಅದು ಹೂವಿನ ಹೆಸರನ್ನು ಬಾಯಿಪಾಠ ಮಾಡುವ ದಾರಿಯಲ್ಲ. ಹೂವಿನ ಮನೆತನವನ್ನು ಲಕ್ಷಣದಿಂದ ಗುರುತಿಸುವ ದಾರಿ. ಹೆಸರು ಊರಿಂದೂರಿಗೆ ಬದಲಾಗುತ್ತದೆ, ಲಕ್ಷಣ ಬದಲಾಗುವುದಿಲ್ಲ.

ಹೆಸರನ್ನು ನಂಬಿದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ನೋಡಿರಿ. ೨೦೨೪ರ ಏಪ್ರಿಲ್ ತಿಂಗಳಲ್ಲಿ ಕೇರಳದಲ್ಲಿ ಯುವತಿಯೊಬ್ಬರು ಮೃತರಾದರು. ಅವರು ಗಿಡವೊಂದರ ಎಲೆ, ಹೂಗಳನ್ನು ತಿಳಿಯದೆ ಅಗಿದುದೇ ಕಾರಣವಿರಬೇಕೆಂಬ ಶಂಕೆ ಹುಟ್ಟಿತು. ಮರುತಿಂಗಳೇ ತಿರುವಾಂಕೂರು ದೇವಸ್ವಂ ಮಂಡಳಿಯೂ ಮಲಬಾರ್ ದೇವಸ್ವಂ ಮಂಡಳಿಯೂ ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಆ ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ಆ ಹೂವಿಗೆ ಮಲಯಾಳದಲ್ಲಿ ‘ಅರಳಿ’ ಎಂದು ಹೆಸರು. ಕನ್ನಡದಲ್ಲಿ ಅರಳಿಯೆಂದರೆ ನಾವು ಕಟ್ಟೆ ಕಟ್ಟಿ ಸುತ್ತು ಬರುವ ಅಶ್ವತ್ಥ. ಸುದ್ದಿಯನ್ನು ಹೆಸರಿನಿಂದ ಮಾತ್ರ ಕೇಳಿದವರು ಅಶ್ವತ್ಥವೇ ವಿಷವೆಂದು ಹೆದರಬಹುದಿತ್ತು. ತಮ್ಮ ಬುಟ್ಟಿಯಲ್ಲೇ ಇರುವ ನಿಜವಾದ ಗಿಡವನ್ನು ಮರೆಯಬಹುದಿತ್ತು. ಮಲಯಾಳದ ಅರಳಿ ನಮ್ಮ ಕಣಗಿಲೆ.

ನಮ್ಮ ನುಡಿಯೊಳಗೂ ಇಂಥ ಗೊಂದಲ ಕಡಮೆಯಿಲ್ಲ. ಹುಚ್ಚೆಳ್ಳು ಎಳ್ಳಿನ ಬಂಧುವಲ್ಲ, ಸೂರ್ಯಕಾಂತಿಯ ಬಂಧು. ಆಕಾಶಮಲ್ಲಿಗೆ ಮಲ್ಲಿಗೆಯಲ್ಲ. ಅರಿಶಿನ ಉಮ್ಮತ್ತಿ ಉಮ್ಮತ್ತಿಯಲ್ಲ. ಹೆಸರು ನಿಜ ಹೇಳುವುದೂ ಉಂಟು. ಕಾಶಿಕಣಗಿಲೆ ನಿಜವಾಗಿಯೂ ಕಣಗಿಲೆಯ ಮನೆತನದ್ದೇ. ಆದರೆ ಯಾವ ಹೆಸರು ನಿಜ, ಯಾವುದು ಸುಳ್ಳು ಎಂದು ತೀರ್ಮಾನಿಸಲು ಕೊನೆಗೆ ಲಕ್ಷಣದ ಬಳಿಗೇ ಬರಬೇಕು.

ಸಸ್ಯಶಾಸ್ತ್ರಜ್ಞರು ಒಂದೇ ಬಗೆಯ ರಚನೆಯುಳ್ಳ ಗಿಡಗಳನ್ನು ಒಂದು ಕುಟುಂಬವೆಂದು ಕರೆಯುತ್ತಾರೆ. ಎಲೆಯ ಗಾತ್ರ, ಹೂವಿನ ಬಣ್ಣ ಇವು ಮಣ್ಣು ನೀರಿಗೆ ತಕ್ಕಂತೆ, ತಳಿಗೆ ತಕ್ಕಂತೆ ಬದಲಾಗುತ್ತವೆ. ಹೂವಿನ ಒಳರಚನೆ ಹಾಗೆ ಬದಲಾಗದು. ಆದುದರಿಂದ ಗಿಡದ ಮುಂದೆ ನಿಂತಾಗ ಬಣ್ಣವನ್ನು ಬದಿಗಿಟ್ಟು ಆರು ಪ್ರಶ್ನೆ ಕೇಳಿಕೊಳ್ಳಬೇಕು. ಕಾಂಡ ದುಂಡಗಿದೆಯೋ ಚೌಕವಾಗಿದೆಯೋ? ಎಲೆಗಳು ಒಂದೊಂದಾಗಿ ಹುಟ್ಟಿವೆಯೋ ಎದುರುಬದುರಾಗಿಯೋ? ಎಲೆ ಮುರಿದರೆ ಹಾಲು ಬರುವುದೋ, ಹಿಸುಕಿದರೆ ಕಂಪು ಬರುವುದೋ? ಎಸಳುಗಳೆಷ್ಟು, ಬಿಡಿಯೋ ಕೂಡಿಕೊಂಡಿವೆಯೋ? ಒಳಗಿನ ಕೇಸರಗಳೆಷ್ಟು? ಕಾಯಿ ಎಂಥದು? ಇವಿಷ್ಟಕ್ಕೂ ಕಣ್ಣು, ಕೈ, ಮೂಗು ಸಾಕು. ನಾಲಗೆಯನ್ನು ಮಾತ್ರ ಎಂದಿಗೂ ಉಪಯೋಗಿಸಬಾರದು.

ಈ ಪಾಠಕ್ಕೆ ಬಸರಾಳೇ ಒಳ್ಳೆಯ ಶಾಲೆ. ಮಂಡ್ಯದಿಂದ ಸುಮಾರು ೨೫ ಕಿಲೋಮೀಟರು ದೂರದ ಈ ಊರಿನ ಮಲ್ಲಿಕಾರ್ಜುನ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದನು. ಅದರ ಕಾಲ ಕ್ರಿ.ಶ. ೧೨೩೪. ಶಿವನಿಗೆ ಪ್ರಿಯವೆಂದು ಹಿಂದಿನಿಂದ ಬಂದಿರುವ ಮಲ್ಲಿಗೆ, ಬಿಲ್ವ, ತುಂಬೆ, ಎಕ್ಕ, ಉಮ್ಮತ್ತಿ ಇವು ಐದೂ ಐದು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಪೂಜೆಯಲ್ಲಿ ಒಂದೇ ತಟ್ಟೆಯಲ್ಲಿ ಕೂಡುವ ಇವು ಗುಣದಲ್ಲಿ ಒಂದೇ ಅಲ್ಲ.

ದೇವರ ಹೆಸರಿನಲ್ಲೇ ಇರುವ ಮಲ್ಲಿಗೆಯಿಂದ ಆರಂಭಿಸೋಣ. ಒಂದೇ ಸುತ್ತಿನ ಎಸಳಿರುವ ಮಲ್ಲಿಗೆ ಹೂವನ್ನು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿರಿ. ಕೊಳವೆಯೊಳಗೆ ಎರಡೇ ಎರಡು ಕೇಸರಗಳಿರುತ್ತವೆ. ಎಲೆಗಳು ಎದುರುಬದುರು. ಪಾರಿಜಾತದಲ್ಲೂ ಕೇಸರ ಎರಡೇ, ಎಲೆಗಳೂ ಎದುರುಬದುರೇ. ಎರಡೂ ಓಲಿಯೇಸಿ ಎಂಬ ಒಂದೇ ಮನೆತನದವು. ಆಕಾಶಮಲ್ಲಿಗೆಯನ್ನು ಸೀಳಿದರೆ ನಾಲ್ಕು ಕೇಸರಗಳು ಕಾಣುತ್ತವೆ. ಬಿಳುಪು, ಕಂಪು, ಕೊಳವೆ ಎಲ್ಲವೂ ಮಲ್ಲಿಗೆಯಂತೆಯೇ ಇದ್ದರೂ ಒಳಗಿನ ಲೆಕ್ಕ ಗುಟ್ಟನ್ನು ಹೊರಹಾಕುತ್ತದೆ.

ಬಿಲ್ವಪತ್ರೆಯ ಗುರುತು ಮೂರೆಲೆಯೆಂದು ಎಲ್ಲರೂ ಬಲ್ಲರು. ಆದರೆ ಮೂರೆಲೆಯ ಗಿಡಗಳು ಬೇರೆಯೂ ಉಂಟು. ಪತ್ರೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಸೂಜಿಮೊನೆಯಿಂದ ಚುಚ್ಚಿದಂತೆ ಬೆಳಕು ಹಾಯುವ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಸುಗಂಧ ತೈಲದ ಗ್ರಂಥಿಗಳು. ನಿಂಬೆ, ಕಿತ್ತಳೆ, ಕರಿಬೇವುಗಳಲ್ಲೂ ಇದೇ ಚುಕ್ಕಿ, ಹಿಸುಕಿದರೆ ತೀಕ್ಷ್ಣವಾದ ಕಂಪು. ಇದು ರುಟೇಸಿ ಕುಟುಂಬ.

ತುಂಬೆಯ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದರೆ ಅದು ದುಂಡಗಿಲ್ಲ, ಚೌಕವಾಗಿದೆಯೆಂದು ತಿಳಿಯುತ್ತದೆ. ಎಲೆಗಳು ಜೋಡಿಜೋಡಿ, ಒಂದು ಜೋಡಿ ಪೂರ್ವಪಶ್ಚಿಮಕ್ಕಿದ್ದರೆ ಅದರ ಮೇಲಿನದು ದಕ್ಷಿಣೋತ್ತರಕ್ಕೆ. ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ಕೆಳಗಿನದು ಅಗಲ. ಹೂ ಉದುರಿದ ಮೇಲೆ ಉಳಿಯುವ ಬಟ್ಟಲಿನ ತಳದಲ್ಲಿ ನಾಲ್ಕು ಬೀಜಗಳು. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಪುದೀನ ಎಲ್ಲವೂ ಈ ಲೇಮಿಯೇಸಿ ಕುಟುಂಬದವೇ. ಇಲ್ಲಿ ಒಂದು ಎಚ್ಚರಿಕೆ. ಬೇಲಿಯ ಲಂಟಾನಕ್ಕೂ ಕಾಂಡ ಚೌಕ, ಎಲೆ ಎದುರುಬದುರು; ಆದರೆ ಅದರ ಕಾಯಿ ಹಣ್ಣಾಗಿ ಕಪ್ಪಗಾಗುತ್ತದೆ, ನಾಲ್ಕು ಬಿಡಿ ಬೀಜಗಳಿರುವುದಿಲ್ಲ. ಅದು ಬೇರೆ ಮನೆತನ, ದನಗಳಿಗೆ ವಿಷ. ಒಂದೇ ಲಕ್ಷಣ ನೋಡಿ ತೀರ್ಪು ಕೊಡಬಾರದು; ಮೂರು ನಾಲ್ಕು ಲಕ್ಷಣಗಳು ಒಟ್ಟಿಗೆ ಸಾಕ್ಷಿ ನುಡಿಯಬೇಕು.

ಇನ್ನು ಎಕ್ಕ ಮತ್ತು ಕಣಗಿಲೆ. ಇವೆರಡೂ ಅಪೊಸೈನೇಸಿ ಕುಟುಂಬದವು. ಹಿಂದಿನ ಪುಸ್ತಕಗಳಲ್ಲಿ ಎಕ್ಕವನ್ನು ಬೇರೆ ಕುಟುಂಬವಾಗಿ ಎಣಿಸಿದ್ದರು, ಈಗ ಒಂದುಗೂಡಿಸಿದ್ದಾರೆ. ನಂದಿಬಟ್ಟಲು, ದೇವಕಣಗಿಲೆ, ಹಳದಿ ಕಣಗಿಲೆ, ಕಾಶಿಕಣಗಿಲೆಗಳೂ ಇಲ್ಲಿಯವೇ. ಬಹುಪಾಲು ಗಿಡಗಳಲ್ಲಿ ಎಲೆ ಮುರಿದರೆ ಹಾಲು ಒಸರುತ್ತದೆ. ಐದು ಎಸಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಮೊಗ್ಗಿನಲ್ಲಿ ಅವು ಹಿಂಡಿದ ಬಟ್ಟೆಯಂತೆ ಒಂದರ ಮೇಲೊಂದು ತಿರುಚಿಕೊಂಡಿರುವುದನ್ನು ಕಣಗಿಲೆ, ನಂದಿಬಟ್ಟಲುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಣಗಿಲೆಯ ಗೆಣ್ಣೊಂದರಲ್ಲಿ ಸಾಮಾನ್ಯವಾಗಿ ಮೂರು ಎಲೆ, ಎಕ್ಕದಲ್ಲಿ ಎರಡು. ಇವೆರಡರ ಕಾಯಿ ಒಣಗಿ ಬಿರಿದಾಗ ಬೀಜಗಳು ರೇಷ್ಮೆಯಂಥ ಕೂದಲನ್ನು ಹೊತ್ತು ಗಾಳಿಯಲ್ಲಿ ಹಾರುತ್ತವೆ.

ಈ ಮನೆತನದ ಮುಂದೆ ಕೈ ತಡೆಯಬೇಕು. ಕಣಗಿಲೆ ಮತ್ತು ಹಳದಿ ಕಣಗಿಲೆಗಳ ಎಲ್ಲ ಭಾಗಗಳೂ ಹೃದಯದ ಬಡಿತವನ್ನು ಕೆಡಿಸುವ ವಿಷವುಳ್ಳವು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ದೃಷ್ಟಿಗೇ ತೊಂದರೆ. ಎಕ್ಕದ ಮಾಲೆ ಕಟ್ಟಿದವರು ಕೈ ತೊಳೆಯದೆ ಕಣ್ಣುಜ್ಜಿಕೊಳ್ಳಬಾರದು, ಮಗುವನ್ನು ಎತ್ತಿಕೊಳ್ಳಬಾರದು. ಆದರೂ ಈ ಕುಟುಂಬವನ್ನು ಹಳಿಯಬೇಕಾಗಿಲ್ಲ. ಕಾಶಿಕಣಗಿಲೆಯಿಂದ ದೊರೆತ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಔಷಧಗಳು ರಕ್ತದ ಅರ್ಬುದ ಮೊದಲಾದ ರೋಗಗಳ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿವೆ. ವೈದ್ಯನ ಕೈಯಲ್ಲಿ, ಅಳತೆಯಲ್ಲಿ ಅದು ಮದ್ದು. ಎಳೆ ಮಗುವಿನ ಬಾಯಲ್ಲಿ ವಿಷ.

ಉಮ್ಮತ್ತಿ ಸೊಲನೇಸಿ ಕುಟುಂಬದ್ದು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪುಗಳೂ ಈ ಮನೆಯವೇ. ಐದು ಎಸಳು ಕೂಡಿ ಬಟ್ಟಲಾಗಿಯೋ ಕಹಳೆಯಾಗಿಯೋ ಇರುತ್ತವೆ; ಐದು ಕೇಸರಗಳು ಎಸಳಿಗೇ ಅಂಟಿಕೊಂಡಿರುತ್ತವೆ; ಹೂವಿನ ಹಸುರು ಬಟ್ಟಲು ಕಾಯಿಯ ತೊಟ್ಟಿನಲ್ಲಿ ಉಳಿಯುತ್ತದೆ. ಬದನೆಕಾಯಿಯ ತಲೆಯ ಮೇಲಿನ ಹಸುರು ಟೋಪಿಯೂ ಉಮ್ಮತ್ತಿಯ ಮುಳ್ಳುಕಾಯಿಯ ಬುಡದ ಹಸುರು ಸುತ್ತೂ ಅದೇ ಬಟ್ಟಲಿನ ಉಳಿಕೆ. ಊಟದ ಕಾಯಿಯೂ ವಿಷದ ಕಾಯಿಯೂ ಒಂದೇ ಮನೆಯಲ್ಲಿ ಹುಟ್ಟಿರುವುದರಿಂದ, ಕುಟುಂಬ ತಿಳಿದ ಮಾತ್ರಕ್ಕೆ ಗಿಡ ನಿರಪಾಯವೆಂದು ಹೇಳಲಾಗದು. ಕುಟುಂಬವು ಎಲ್ಲಿ ಎಚ್ಚರವಿರಬೇಕೆಂದು ಹೇಳುತ್ತದೆ. ತಿನ್ನಲು ಅನುಮತಿ ಕೊಡುವುದಿಲ್ಲ.

ಮೇಲೆ ಹೇಳಿದ ಅರಿಶಿನ ಉಮ್ಮತ್ತಿಯ ವಿಚಾರ ಇದಕ್ಕಿಂತ ಗಂಭೀರ. ಹೊಲದ ಬದುಗಳಲ್ಲಿ ಮುಳ್ಳೆಲೆ, ಹಳದಿ ಹೂ ಬಿಟ್ಟು ನಿಲ್ಲುವ ಈ ಗಿಡದ ಕಪ್ಪು ಬೀಜ ಸಾಸಿವೆಯನ್ನು ಹೋಲುತ್ತದೆ. ೧೯೯೮ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನುಂಡು ಮೈ ಬಾತುಕೊಳ್ಳುವ ರೋಗ ಹರಡಿ ೬೦ಕ್ಕೂ ಹೆಚ್ಚು ಜನರು ಸತ್ತರು. ಬೀಜದಲ್ಲಿ ಮೋಸ ಹೋಗುವ ಕಣ್ಣು ಹೂವಿನಲ್ಲಿ ಮೋಸ ಹೋಗಬೇಕಿಲ್ಲ. ಸಾಸಿವೆಗೆ ನಾಲ್ಕೇ ಎಸಳು, ಆರೇ ಕೇಸರ. ಆರರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿ, ಎಲೆಕೋಸುಗಳಲ್ಲೂ ಇದೇ ಲೆಕ್ಕ. ಅರಿಶಿನ ಉಮ್ಮತ್ತಿಯ ಹೂವಿನಲ್ಲಿ ಕೇಸರಗಳು ಎಣಿಸಲಾಗದಷ್ಟು; ಕಾಂಡ ಮುರಿದರೆ ಹಳದಿ ರಸ. ಅದು ಗಸಗಸೆಯ ಕುಟುಂಬ. ಸಾಸಿವೆ ಬೆಳೆಯುವವರು ಕಟಾವಿಗೆ ಮುನ್ನ, ಹೂವಿನ ಕಾಲದಲ್ಲೇ ಅದನ್ನು ಗುರುತಿಸಿ ಕಿತ್ತುಹಾಕಬೇಕು.

ಇನ್ನೆರಡು ಮನೆತನಗಳನ್ನು ಹೇಳಿ ಮುಗಿಸುತ್ತೇವೆ. ದಾಸವಾಳ, ಬೆಂಡೆ, ಹತ್ತಿ, ಹೂವರಸಿಗಳದು ಮಾಲ್ವೇಸಿ. ಐದು ಬಿಡಿ ಎಸಳುಗಳ ನಡುವೆ ಕೇಸರಗಳೆಲ್ಲ ಒಂದು ಕೊಳವೆಯಾಗಿ ಕೂಡಿ ಕಂಬದಂತೆ ನಿಲ್ಲುತ್ತವೆ. ಎಲೆ ಅರೆದರೆ ಲೋಳೆ, ತೊಗಟೆ ಸುಲಿದರೆ ನಾರು. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುವುದರಿಂದ ಕಲಿಯುವವರು ಒಂಟಿ ದಾಸವಾಳವನ್ನೇ ಆರಿಸಿಕೊಳ್ಳಲಿ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳದು ಆಸ್ಟರೇಸಿ. ಅಲ್ಲಿ ನಾವು ಒಂದು ಹೂವೆಂದು ಮುಡಿಯುವುದು ನೂರಾರು ಕಿರುಹೂಗಳ ಸಭೆ. ಬಯಲುಗಳನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡವೂ ಇವರ ದಾಯಾದಿ. ಅದರಿಂದ ಚರ್ಮ ಕೆರಳುವವರಲ್ಲಿ ಕೆಲವರಿಗೆ ಸೇವಂತಿಗೆ ಮುಟ್ಟಿದರೂ ತುರಿಕೆ ಏಳುವುದುಂಟು. ಕಾರಣ ತಿಳಿಯದೆ ವರ್ಷಗಟ್ಟಲೆ ಬಳಲುವವರು ಈ ನೆಂಟಸ್ತಿಕೆಯನ್ನು ತಮ್ಮ ವೈದ್ಯರಿಗೆ ತಿಳಿಸಲಿ.

ಮಠದಲ್ಲಿ ನಾವು ವಟುಗಳಾಗಿದ್ದಾಗ ಹೂ ಬಿಡಿಸುವ ಸರದಿಯಿತ್ತು. ಅರಳಿದ ಹೂವನ್ನು ಮಾತ್ರ ತರಬೇಕು, ಮೊಗ್ಗನ್ನು ಕೀಳಬಾರದು, ಮೂಸಿ ನೋಡಬಾರದು ಎಂದು ಗುರುಗಳು ವಿಧಿಸಿದ್ದರು. ಅಂದು ಅದನ್ನು ಮಡಿಯೆಂದು ಮಾತ್ರ ತಿಳಿದಿದ್ದೆವು. ಗಿಡದ ಮುಂದೆ ನಿಂತು ಪ್ರತಿಯೊಂದನ್ನೂ ನೋಡಿಯೇ ಕೀಳಬೇಕೆಂಬ ಶಿಕ್ಷಣವೂ ಅದರಲ್ಲಿತ್ತು. ಕೊಂಡು ತಂದ ಹೂವಿನ ಈ ಕಾಲದಲ್ಲಿ ನಮ್ಮ ಮಕ್ಕಳಿಗೆ ತಪ್ಪಿಹೋಗಿರುವುದು ಆ ನೋಡುವಿಕೆ. ಹೆಚ್ಚು ತಿಳಿಯಬಯಸುವ ಯುವಕರು, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಲಿ. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ಎಷ್ಟು ಸರಸವಾಗಿ ಹೇಳಬಹುದೆಂಬುದಕ್ಕೆ ಅದು ಸಾಕ್ಷಿ.

ಬಸರಾಳಿನ ತಾಯಿಯವರಿಗೂ ಇತರ ಗೃಹಿಣಿಯರಿಗೂ ನಮ್ಮ ಬಿನ್ನಹವಿಷ್ಟೆ. ಕಣಗಿಲೆ, ಎಕ್ಕ, ಉಮ್ಮತ್ತಿಗಳನ್ನು ಬೇರೆಯೇ ಬುಟ್ಟಿಯಲ್ಲಿ, ಎತ್ತರದಲ್ಲಿ ಇಡಿರಿ. ಅವನ್ನು ತೀರ್ಥದ ಬಟ್ಟಲಿಗೂ ಪ್ರಸಾದದ ತಟ್ಟೆಗೂ ಸೋಕಿಸಬೇಡಿರಿ. ನಿರ್ಮಾಲ್ಯವನ್ನು ಮಕ್ಕಳ, ದನಕರುಗಳ ಬಾಯಿಗೆ ಸಿಗದಂತೆ ವಿಸರ್ಜಿಸಿರಿ. ಅಕಸ್ಮಾತ್ ಮಗು ನುಂಗಿತೆಂದು ಅನುಮಾನ ಬಂದರೂ ವಾಂತಿ ಮಾಡಿಸುತ್ತ, ಮನೆಮದ್ದು ಹುಡುಕುತ್ತ ಹೊತ್ತು ಕಳೆಯಬೇಡಿರಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಜೊತೆಯಲ್ಲಿ ಆ ಗಿಡದ ಎಲೆ, ಹೂವಿರುವ ರೆಂಬೆಯನ್ನೂ ಒಯ್ಯಿರಿ. ನಾವು ಹೇಳುವ ಹೆಸರು ವೈದ್ಯರಿಗೆ ಬೇರೆಯದಾಗಿ ಕೇಳಿಸಬಹುದು. ರೆಂಬೆ ತನ್ನ ಗುರುತನ್ನು ತಾನೇ ಹೇಳುತ್ತದೆ.

ಮುಂದಿನ ಸಂಚಿಕೆಯಲ್ಲಿ ಅವರೆ, ತೊಗರಿ, ಹೊಂಗೆಗಳ ಮನೆತನವನ್ನು ವಿಚಾರಿಸೋಣ.