ಕಾರ್ಬೊರೇಟರ್ ಸತ್ತಿಲ್ಲ, ಕೊಳೆ ತುಂಬಿದೆ ಅಷ್ಟೇ

‘ಕಾರ್ಬೇಟ್ರು ಹೋಗಿದೆ, ಹೊಸದೇ ಹಾಕ್ಬೇಕು.’

ಹಳೆ ಮಾರುತಿ 800 ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ನಮ್ಮ ಮನೆಯ 1997ರ ಗಾಡಿಗೂ ಕಳೆದ ಮಳೆಗಾಲದಲ್ಲಿ ಇದೇ ತೀರ್ಪು ಬಂತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಕಾಲು ತೆಗೆದರೆ ಆಫ್. ತಾಲ್ಲೂಕು ಕೇಂದ್ರದ ಗ್ಯಾರೇಜಿನವರು ಬಾನೆಟ್ ಎತ್ತಿದರು, ಎರಡು ಸಲ ರೇಸ್ ಮಾಡಿದರು, ಬಾನೆಟ್ ಮುಚ್ಚಿದರು. ಆರು ಸಾವಿರ, ಲೇಬರ್ ಬೇರೆ. ಬಿಚ್ಚಿ ನೋಡಲೇ ಇಲ್ಲ.

ನಾವು ಬಿಚ್ಚಿ ನೋಡಿದೆವು. ಸ್ಲೋ ಜೆಟ್ಟಿನ ತೂತಿನಲ್ಲಿ ಹಸಿರು ಕಿಲುಬು. ಪೆಟ್ರೋಲ್ ನಿಲ್ಲುವ ತೊಟ್ಟಿಯ ತಳದಲ್ಲಿ ಕಂದು ಗಸಿ, ನಾಲ್ಕು ಹನಿ ನೀರು. ಖರ್ಚಾಗಿದ್ದು ಒಂದು ಕ್ಲೀನರ್ ಸ್ಪ್ರೇ, ಒಂದು ಗ್ಯಾಸ್ಕೆಟ್ ಕಿಟ್, ಒಂದು ಭಾನುವಾರ.

ಕೆಲಸ ಬಲ್ಲ ಮೇಸ್ತ್ರಿಗಳ ಮೇಲೆ ನಮಗೆ ಜಗಳವಿಲ್ಲ. ಇಂಜಿನ್ ಸದ್ದು ಕೇಳಿಯೇ ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದವರು ನಮ್ಮೂರಲ್ಲೂ ಇದ್ದರು. 2000ದ ಹೊತ್ತಿಗೆ ಕಾರುಗಳಿಗೆ ಇಂಜೆಕ್ಷನ್ ಬಂತು, 2020ರಲ್ಲಿ ಬಿಎಸ್-6 ಜತೆ ಬೈಕುಗಳಿಗೂ ಬಂತು. ಈಗಿನ ಹುಡುಗರು ಕಲಿತದ್ದು ಸ್ಕ್ಯಾನರ್ ಚುಚ್ಚುವುದನ್ನು. ಚುಚ್ಚಲು ಜಾಗವೇ ಇಲ್ಲದ ಗಾಡಿ ಕಂಡರೆ ಅವರಿಗೆ ತೋಚುವುದು ಒಂದೇ, ಹೊಸದು ಹಾಕು. ತಮಗೆ ಬರದ್ದನ್ನು ‘ಬರಲ್ಲ’ ಅನ್ನದೆ ‘ಹೋಗಿದೆ’ ಅನ್ನುತ್ತಾರಲ್ಲ, ನಮ್ಮ ಸಿಟ್ಟು ಅದರ ಮೇಲೆ. ಹೋಗಿದ್ದು ಕಾರ್ಬೊರೇಟರಾ, ವಿದ್ಯೆಯಾ? ಬದಲಿಗೆ ಬರುವುದೂ ಎಷ್ಟೋ ಸಲ ಹೆಸರಿಲ್ಲದ ಡುಪ್ಲಿಕೇಟ್ ಮಾಲು. ಹಳೆಯ ಒಳ್ಳೆ ಎರಕದ ತುಂಡು ಗುಜರಿಗೆ.

ಪೇಟೆಯವರಿಗೆ ಇದು ಹಳೆ ಕಾರಿನ ಶೋಕಿ ಇರಬಹುದು. ನಮ್ಮ ಕಡೆ ಅದು ಸಾಲ ತೀರಿದ ಗಾಡಿ. ರಾತ್ರಿ ಹೆರಿಗೆ ನೋವು ಬಂದರೆ ಬೀದಿಯವರೆಲ್ಲ ಬಾಗಿಲು ತಟ್ಟುವುದು ಆ ಗಾಡಿ ಇದ್ದವರ ಮನೆಯನ್ನೇ.

ಇನ್ನೊಂದು ಮಾತೂ ಇದೆ. 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಕಬ್ಬು ಬೆಳೆಯುವ ಮಂಡ್ಯ, ಬೆಳಗಾವಿ ರೈತರಿಗೆ ನಾಲ್ಕು ಕಾಸು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಗಂತೂ ಕೇಡು ಹೆಚ್ಚು. ಪೆಟ್ರೋಲ್ ಬೆರೆಸುವವರು ಹಳೆ ಗಾಡಿಯವರಿಗೆ ಬಂಕಿನಲ್ಲಿ ಒಂದು ಬೋರ್ಡ್ ಹಾಕಿ ಇದನ್ನು ಹೇಳಬಾರದಾ? ಎಥೆನಾಲ್ ತಡೆಯುವ ಪೈಪು ಬರುತ್ತದೆ, ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಬಿಚ್ಚುವ ಮುಂಚೆ ಒಂದು ವಿಷಯ. ಮಾರುತಿಯಲ್ಲಿ ಐಡಲ್ ನಿಲ್ಲದಿದ್ದರೆ ಕಾರ್ಬೊರೇಟರಿಗೆ ಹೋಗುವ ಸೊಲೆನಾಯ್ಡ್ ವೈರ್ ನೋಡಿ. ಕೀ ಆನ್ ಮಾಡಿದಾಗ ‘ಟಿಕ್’ ಅನ್ನಬೇಕು. ಅನ್ನದಿದ್ದರೆ ವೈರೋ ಸೊಲೆನಾಯ್ಡೋ ಕೆಟ್ಟಿರಬಹುದು, ಕಾರ್ಬೊರೇಟರ್ ಮುಟ್ಟುವ ಕೆಲಸವೇ ಇಲ್ಲದಿರಬಹುದು.

ಬಿಚ್ಚುವುದೇ ಆದರೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ಹೊಡೆಯಿರಿ, ಪೈಪುಗಳಿಗೆ ಚೀಟಿ ಅಂಟಿಸಿ. ಮಿಕ್ಸ್ಚರ್ ಸ್ಕ್ರೂ ಕೀಳುವ ಮುಂಚೆ ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಬಂತು ಎಣಿಸಿ ಬರೆದಿಡಿ, ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ. ನಾವು ಬರೆದಿಡದೆ ಅರ್ಧ ದಿನ ಕಳೆದುಕೊಂಡೆವು. ಡಯಾಫ್ರಮ್, ರಬ್ಬರ್ ರಿಂಗುಗಳನ್ನು ಮೊದಲು ತೆಗೆದಿಟ್ಟು ಆಮೇಲೆ ಸ್ಪ್ರೇ ಹೊಡೆಯಿರಿ, ಇಲ್ಲದಿದ್ದರೆ ಉಬ್ಬಿ ಹಾಳಾಗುತ್ತವೆ.

ಜೆಟ್ಟಿಗೆ ಸೂಜಿ, ಕಬ್ಬಿಣದ ತಂತಿ ತೂರಿಸಲೇಬೇಡಿ. ಅದು ಮೆತ್ತನೆ ಹಿತ್ತಾಳೆ, ತೂತು ಕೂದಲೆಳೆ ದೊಡ್ಡದಾದರೂ ಗಾಡಿ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆ. ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ. ಬಾಯಿಂದ ಬೇಡ. ಪೆಟ್ರೋಲ್ ತಟ್ಟೆ ಇಟ್ಟುಕೊಂಡು ಅಡುಗೆಮನೆ ಪಕ್ಕ, ಒಲೆ ಉರಿಯುವಾಗ, ಬೀಡಿ ಹಚ್ಚಿಕೊಂಡು ಈ ಕೆಲಸ ಮಾಡುವವರಿದ್ದಾರೆ. ಅಂಥವರು ಆರು ಸಾವಿರ ಕೊಡುವುದೇ ಮೇಲು. ಅಂಗಳದಲ್ಲಿ ಮಾಡಿ, ಮಕ್ಕಳನ್ನು ದೂರ ಇಡಿ.

ಎಲ್ಲವೂ ಮನೆಯಲ್ಲಿ ಆಗುವುದಿಲ್ಲ. ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಗಡಗಡ ಅಂದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಬೇಕು.

‘ಹಳೆ ಗಾಡಿ ಅಂದ್ರೆ ಹೊಗೆ’ ಅನ್ನುವವರಿಗೂ ಉತ್ತರ ಕೊಡಬೇಕು. ಹೊಗೆ ಬರುವುದು ವಯಸ್ಸಿನಿಂದ ಮಾತ್ರವಲ್ಲ, ಕೆಟ್ಟ ಸೆಟ್ಟಿಂಗಿನಿಂದಲೂ. ಈ ಕಾಲದ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 3 ಪರ್ಸೆಂಟ್. ಜೋಡಿಸಿದ ಮೇಲೆ ನೇರ ಎಮಿಷನ್ ಟೆಸ್ಟಿಗೆ ಹೋಗಿ, ಅಲ್ಲಿನ ಮೀಟರ್ ನೋಡಿಕೊಂಡೇ ಸ್ಕ್ರೂ ಹೊಂದಿಸಿ. ನಮ್ಮ ಗಾಡಿ ಪಾಸಾಯಿತು.

ಮುಂದಿನ ವಾರ ಆಯಿಲ್ ಬದಲಿಸಲು ಅದೇ ಗ್ಯಾರೇಜಿಗೆ ಹೋದೆವು. ಅವರು ಇಂಜಿನ್ ಸದ್ದು ಕೇಳಿ, ‘ಹೊಸ ಕಾರ್ಬೇಟ್ರು ಎಷ್ಟಕ್ಕೆ ಸಿಕ್ತು ಸಾರ್?’ ಅಂದರು.